ಹೊಳೆದದ್ದೆಲ್ಲ ಖೋಟಾ ಅಲ್ಲ: ನೋಟಿನ ಕಾಣದ ಗುರುತುಗಳನ್ನು ತರಗತಿಗೆ ತಂದಾಗ

ಬೋಧನಾಭ್ಯಾಸದ ಮೂರನೇ ವಾರ. ಹತ್ತನೇ ತರಗತಿಗೆ ಬೆಳಕಿನ ವರ್ಣವಿಭಜನೆ ಮುಗಿಸಿ, ರೋಹಿತದ ನೇರಳೆಯ ಆಚೆಗೂ ಕಣ್ಣಿಗೆ ಕಾಣದ ಕಿರಣಗಳಿವೆ ಎಂಬ ಮಾತಿಗೆ ಬಂದಿದ್ದೆ. ಪಾಠಯೋಜನೆಯ ಚಟುವಟಿಕೆ ಅಂಕಣದಲ್ಲಿ ‘ನೇರಳಾತೀತ ಟಾರ್ಚ್‌ನಲ್ಲಿ ನೋಟಿನ ವೀಕ್ಷಣೆ’ ಎಂದು ಬರೆದಿದ್ದೆ. ಕಿಟಕಿಗಳನ್ನು ಮುಚ್ಚಿಸಿ ಮೊದಲು ನೋಟ್‌ಬುಕ್ಕಿನ ಬಿಳಿ ಹಾಳೆಯ ಮೇಲೆ ಟಾರ್ಚ್ ಬಿಟ್ಟೆ. ಹಾಳೆ ತಿಳಿನೀಲಿಯಾಗಿ ಹೊಳೆಯಿತು. ಆಮೇಲೆ ನನ್ನ 100 ರೂಪಾಯಿ ನೋಟು. ಕಾಗದ ಮಂಕಾಗಿಯೇ ಉಳಿಯಿತು. ಕ್ರಮಸಂಖ್ಯೆಯ ಅಂಕಿಗಳು ಮತ್ತು ಅಲ್ಲಲ್ಲಿ ಚದುರಿದ ಸಣ್ಣ ಎಳೆಗಳು ಮಾತ್ರ ಬೆಳಗಿದವು. ಮಕ್ಕಳು ‘ಓ!’ ಎಂದರು. ಆ ಉತ್ಸಾಹದಲ್ಲಿ ನಾನು ಹೇಳಿಬಿಟ್ಟೆ: “ನೋಡಿ, ಅಸಲಿ ನೋಟಿನ ಕಾಗದ ಹೊಳೆಯಲ್ಲ. ಖೋಟಾ ನೋಟಾದರೆ ಹೊಳೆಯುತ್ತೆ.”

ಮೂರನೇ ಬೆಂಚಿನ ಹುಡುಗನೊಬ್ಬ ಜೇಬಿನಿಂದ 100 ರೂಪಾಯಿ ತೆಗೆದು, “ಮಿಸ್, ನಂದೂ ನೋಡಿ” ಎಂದ. ಟಾರ್ಚ್ ಬಿಟ್ಟೆ. ನೋಟು ಪೂರ್ತಿ ನೀಲಿಯಾಗಿ ಹೊಳೆಯಿತು. “ಖೋಟಾ! ಖೋಟಾ!” ಎಂದು ತರಗತಿ ಕೂಗಿತು. ಹುಡುಗ ನೋಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ತಲೆತಗ್ಗಿಸಿ ಕೂತ. ಏನು ಹೇಳಬೇಕೆಂದು ನನಗೆ ತೋಚುವುದರೊಳಗೆ ಗಂಟೆ ಹೊಡೆಯಿತು.

ಆ ದಿನದ ಪಾಠ ವೀಕ್ಷಣಾ ಪುಸ್ತಕದಲ್ಲಿ ನನ್ನ ಮಾರ್ಗದರ್ಶಕ ಶಿಕ್ಷಕರು ಎರಡೇ ವಾಕ್ಯ ಬರೆದರು: ‘ಪ್ರಾತ್ಯಕ್ಷಿಕೆ ಚೆನ್ನಾಗಿತ್ತು. ತೀರ್ಮಾನ ಅವಸರದ್ದು.’ ಆ ಅವಸರ ಎಲ್ಲಿತ್ತು ಎಂದು ತಿಳಿಯಲು ಕಾಣದ ಗುರುತುಗಳ ವಿಜ್ಞಾನವನ್ನು ನಾನೇ ಮತ್ತೊಮ್ಮೆ ಓದಬೇಕಾಯಿತು. ಓದಿದ್ದನ್ನೂ ಮರುಪಾಠದಲ್ಲಿ ಮಾಡಿದ್ದನ್ನೂ ಇಲ್ಲಿ ಹಂಚಿಕೊಂಡಿದ್ದೇನೆ.

ಕಾಣದ್ದು ಕಾಣುವುದು ಹೇಗೆ?

ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗದೂರದ ಬೆಳಕು ಮಾತ್ರ. ನೋಟು ಪರೀಕ್ಷಿಸುವ ದೀಪಗಳು ಸಾಮಾನ್ಯವಾಗಿ 365 ನ್ಯಾನೊಮೀಟರ್ ಆಸುಪಾಸಿನ ನೇರಳಾತೀತ ಕಿರಣ ಕೊಡುತ್ತವೆ. ಕೆಲವು ವಸ್ತುಗಳು ಈ ಕಿರಣವನ್ನು ಹೀರಿಕೊಂಡು, ಅದಕ್ಕಿಂತ ಹೆಚ್ಚು ತರಂಗದೂರದ, ಅಂದರೆ ಕಣ್ಣಿಗೆ ಕಾಣುವ ಬೆಳಕನ್ನು ಹೊರಸೂಸುತ್ತವೆ. ಇದೇ ಪ್ರತಿದೀಪ್ತಿ. ಇದನ್ನು ವಿವರವಾಗಿ ಅಭ್ಯಾಸ ಮಾಡಿದ ಜಾರ್ಜ್ ಸ್ಟೋಕ್ಸ್ 1852ರಲ್ಲಿ ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರನ್ನು ಹಿಡಿದು ಇದಕ್ಕೆ ಫ್ಲೋರೆಸೆನ್ಸ್ ಎಂದು ಹೆಸರಿಟ್ಟರು.

ಲೆಕ್ಕ ಸುಲಭ. 365 ನ್ಯಾನೊಮೀಟರಿನ ಒಂದು ಫೋಟಾನ್‌ನಲ್ಲಿ ಸುಮಾರು 3.4 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುತ್ತದೆ. ಹೊರಬರುವ 440 ನ್ಯಾನೊಮೀಟರಿನ ನೀಲಿ ಫೋಟಾನ್‌ನಲ್ಲಿ ಸುಮಾರು 2.8. ಉಳಿದ 0.6 ಎಲೆಕ್ಟ್ರಾನ್ ವೋಲ್ಟ್ ಅಣುವಿನ ಕಂಪನವಾಗಿ, ಕೊನೆಗೆ ಶಾಖವಾಗಿ ಹೋಗುತ್ತದೆ. ಮಕ್ಕಳಿಗೆ ನಾನು ಮೆಟ್ಟಿಲಿನ ಹೋಲಿಕೆ ಕೊಟ್ಟೆ: ಹುಡುಗಿಯೊಬ್ಬಳು ಒಂದೇ ನೆಗೆತಕ್ಕೆ ಜಗಲಿಯ ಮೇಲಿನ ಮೆಟ್ಟಿಲು ಮುಟ್ಟಿದಳು, ಇಳಿಯುವಾಗ ಮೊದಲು ಒಂದೆರಡು ಮೆಟ್ಟಿಲು ಮೆಲ್ಲಗೆ ಇಳಿದು, ಅಲ್ಲಿಂದ ಅಂಗಳಕ್ಕೆ ಹಾರಿದಳು. ಇಳಿಯುವ ಹಾರು ಏರಿದ ನೆಗೆತಕ್ಕಿಂತ ಚಿಕ್ಕದು. ಹಾಗಾಗಿಯೇ ಹೊರಬರುವ ಬೆಳಕಿನ ಶಕ್ತಿ ಒಳಹೋದದ್ದಕ್ಕಿಂತ ಕಡಿಮೆ.

ಇಲ್ಲಿ ಮಕ್ಕಳಲ್ಲಿ ಒಂದು ತಪ್ಪು ಪರಿಕಲ್ಪನೆ ಬೇಗ ಮೂಡುತ್ತದೆ: ‘ವಸ್ತು ನೇರಳಾತೀತ ಕಿರಣವನ್ನು ಪ್ರತಿಫಲಿಸುತ್ತದೆ, ಅದಕ್ಕೇ ಹೊಳೆಯುತ್ತದೆ.’ ಪ್ರತಿಫಲನವಾದರೆ ಬಂದ ಕಿರಣವೇ ಹಿಂತಿರುಗಬೇಕು. ಅದು ಕಣ್ಣಿಗೆ ಕಾಣುವುದಿಲ್ಲ. ಟಾರ್ಚ್‌ನಲ್ಲಿ ಇಲ್ಲದ ಹಳದಿ, ಹಸಿರು, ಕೆಂಪು ಬಣ್ಣ ವಸ್ತುವಿನಿಂದ ಬರುತ್ತಿದ್ದರೆ ಅದು ಅಲ್ಲೇ ಹುಟ್ಟಿದ ಬೆಳಕು. ತರಗತಿಯ ಟ್ಯೂಬ್‌ಲೈಟ್ ಇದಕ್ಕೆ ಕಣ್ಣೆದುರಿನ ಉದಾಹರಣೆ. ಅದರೊಳಗಿನ ಪಾದರಸದ ಆವಿ ನೇರಳಾತೀತ ಕಿರಣ ಕೊಡುತ್ತದೆ. ಗಾಜಿನ ಒಳಗೋಡೆಗೆ ಬಳಿದ ಬಿಳಿ ಪುಡಿ ಅದನ್ನು ಕಾಣುವ ಬೆಳಕಾಗಿ ಬದಲಿಸುತ್ತದೆ.

ನೋಟಿನ ಕಾಗದ ಏಕೆ ಮಂಕು?

ಬರೆಯುವ, ಮುದ್ರಿಸುವ ಬಿಳಿ ಕಾಗದ ಸಾಮಾನ್ಯವಾಗಿ ಮರದ ತಿರುಳಿನದು. ತಿರುಳು ಸಹಜವಾಗಿ ತುಸು ಹಳದಿ. ಅದು ಬೆಳ್ಳಗೆ ಕಾಣಲೆಂದು ಕಾರ್ಖಾನೆಯಲ್ಲಿ ‘ಹೊಳಪುಕಾರಕ’ ರಾಸಾಯನಿಕ ಸೇರಿಸುತ್ತಾರೆ. ಇದು ಬಿಸಿಲಿನಲ್ಲಿರುವ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕು ಕೊಡುತ್ತದೆ. ಹಳದಿಯ ಜೊತೆ ನೀಲಿ ಸೇರಿ ಕಣ್ಣಿಗೆ ಅಚ್ಚಬಿಳಿ ಎನಿಸುತ್ತದೆ. ಬಟ್ಟೆ ಒಗೆಯುವ ಹಲವು ಪುಡಿಗಳಲ್ಲಿಯೂ ಇದೇ ಬಗೆಯ ರಾಸಾಯನಿಕ ಇರುತ್ತದೆ. ಬಿಳಿ ಬಟ್ಟೆಗೆ ಹಾಕುವ ನೀಲಿಯ ಕೆಲಸ ಬೇರೆ: ಅದು ಹಳದಿ ಬೆಳಕನ್ನು ಹೀರುವ ಬಣ್ಣ, ಹೊಸ ಬೆಳಕು ಹುಟ್ಟಿಸುವುದಿಲ್ಲ. ಈ ವ್ಯತ್ಯಾಸವನ್ನೇ ತರಗತಿಯಲ್ಲಿ ಒಂದು ಪ್ರಶ್ನೆಯಾಗಿ ಕೇಳಬಹುದು.

ಭಾರತದ ನೋಟುಗಳ ಕಾಗದ ಪೂರ್ತಿ ಹತ್ತಿಯದು. ಇದಕ್ಕೆ ಹೊಳಪುಕಾರಕ ಸೇರಿಸುವುದಿಲ್ಲ. ಮಂಕು ಹಿನ್ನೆಲೆ ಇದ್ದರೆ ತಾನೇ ಅದರೊಳಗಿನ ಪ್ರತಿದೀಪ್ತ ಎಳೆಗಳೂ ಅಂಕಿಗಳೂ ಎದ್ದು ಕಾಣುವುದು? ಕತ್ತಲ ಆಕಾಶದಲ್ಲಿ ನಕ್ಷತ್ರ ಕಂಡಂತೆ. ಅಂಗಡಿಯಲ್ಲಿ ಸಿಗುವ ಕಾಗದದ ಮೇಲೆ ಕಲರ್ ಪ್ರಿಂಟರ್‌ನಿಂದ ಮುದ್ರಿಸಿದ ನಕಲು ದೀಪದಡಿ ಪೂರ್ತಿ ಬೆಳಗಿ ಸಿಕ್ಕಿಬೀಳುತ್ತದೆ. ನಾನು ಮಕ್ಕಳಿಗೆ ಹೇಳಿದ ವಾಕ್ಯದಲ್ಲಿದ್ದ ಸತ್ಯ ಇಷ್ಟು ಮಾತ್ರ.

ನೋಟಿನ ಕಾಗದ, ಶಾಯಿ, ಮುದ್ರಣ ಮೂರೂ ನಮ್ಮ ಮೈಸೂರಿನಲ್ಲಿ ಆಗುತ್ತವೆ ಎಂಬುದು ಮಕ್ಕಳಿಗೆ ಹೆಮ್ಮೆಯ ಸುದ್ದಿ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ಮುದ್ರಣಾಲಯಗಳು ಮೈಸೂರು ಮತ್ತು ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿವೆ. ನೋಟಿನ ಕಾಗದದ ಗಿರಣಿಯೂ ಮೈಸೂರಿನಲ್ಲಿದೆ. ‘ವರ್ಣಿಕಾ’ ಎಂಬ ಶಾಯಿ ತಯಾರಿಕಾ ಘಟಕ 2022ರ ಮಾರ್ಚ್‌ನಲ್ಲಿ ಅಲ್ಲೇ ಶುರುವಾಯಿತು.

ಅಡಗಿಸುವ ಬೇರೆ ದಾರಿಗಳು

ಕಾಣದ ಗುರುತು ಎಂದರೆ ನೇರಳಾತೀತ ಶಾಯಿ ಒಂದೇ ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಕಣ್ಣಿನ ಯಾವ ಮಿತಿಯನ್ನು ಬಳಸಿಕೊಳ್ಳುತ್ತಾರೆ ಎಂಬುದರ ಮೇಲೆ ಇವನ್ನು ಹೀಗೆ ವಿಂಗಡಿಸಿದರೆ ಪಾಠಕ್ಕೆ ಅನುಕೂಲ.

ಮೊದಲನೆಯದು, ರೋಹಿತದ ಮಿತಿ. ನೇರಳೆಯ ಆಚೆಗೆ ಪ್ರತಿದೀಪ್ತಿ ಇದ್ದಂತೆ ಕೆಂಪಿನ ಆಚೆಗೆ ಅವಕೆಂಪು ಇದೆ. ಕಣ್ಣಿಗೆ ಒಂದೇ ಬಣ್ಣವೆನಿಸುವ ಎರಡು ಶಾಯಿಗಳಲ್ಲಿ ಒಂದು ಅವಕೆಂಪು ಕಿರಣವನ್ನು ಹೀರಬಹುದು, ಇನ್ನೊಂದು ಹೀರದಿರಬಹುದು. ಯೂರೋ ನೋಟನ್ನು ಅವಕೆಂಪು ಕ್ಯಾಮೆರಾದಲ್ಲಿ ನೋಡಿದರೆ ಮುಂಬದಿಯ ಮುಖ್ಯ ಚಿತ್ರದ ಬಲಭಾಗ ಉಳಿದು ಎಡಭಾಗ ಮಾಯವಾಗುವುದು ಇದರಿಂದಲೇ. ತರಗತಿಯಲ್ಲಿ ಟಿವಿ ರಿಮೋಟ್‌ನ ತುದಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿಸಬಹುದು. ಕಣ್ಣಿಗೆ ಕಾಣದ ಮಿನುಗು ಹಲವು ಮೊಬೈಲ್‌ಗಳ ಪರದೆಯ ಮೇಲೆ ಕಾಣುತ್ತದೆ.

ಎರಡನೆಯದು, ಗಾತ್ರದ ಮಿತಿ. ನೋಟಿನ ಸೂಕ್ಷ್ಮ ಅಕ್ಷರಗಳನ್ನು ಓದಲು ಭೂತಗನ್ನಡಿ ಬೇಕು. ಇದಕ್ಕಿಂತ ಮುಂದೆ ಹೋಗಿ, ಬಣ್ಣಬಣ್ಣದ ಪ್ಲಾಸ್ಟಿಕ್ ಪದರಗಳಿರುವ ಪುಡಿಯಂಥ ಕಣಗಳನ್ನು ವಸ್ತುವಿನೊಳಗೇ ಬೆರೆಸುವ ವಿಧಾನವಿದೆ. ಪದರಗಳ ಬಣ್ಣದ ಕ್ರಮವೇ ಒಂದು ಸಂಕೇತ. ಸೂಕ್ಷ್ಮದರ್ಶಕದಲ್ಲಿ ಓದಿದರೆ ಆ ವಸ್ತು ಎಲ್ಲಿ ತಯಾರಾದದ್ದು ಎಂದು ತಿಳಿಯುತ್ತದೆ. ಸ್ಫೋಟಕಗಳ ಮೂಲ ಪತ್ತೆಹಚ್ಚಲು 1970ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ರೂಪಿಸಿದರು. 1980ರಿಂದ ಸ್ವಿಟ್ಜರ್ಲೆಂಡ್‌ನಲ್ಲಿ ಸ್ಫೋಟಕಗಳಿಗೆ ಇಂಥ ಗುರುತು ಕಡ್ಡಾಯ.

ಮೂರನೆಯದು, ಬಣ್ಣ ಬೇರ್ಪಡಿಸುವ ಮಿತಿ. ಬಿಳಿ ಹಾಳೆಯ ಮೇಲೆ ಸಣ್ಣ ಹಳದಿ ಚುಕ್ಕಿ ನಮಗೆ ಕಾಣುವುದೇ ಇಲ್ಲ ಎನ್ನಬಹುದು. ಹಲವು ಕಲರ್ ಲೇಸರ್ ಪ್ರಿಂಟರ್‌ಗಳು ಪ್ರತಿ ಹಾಳೆಯ ಮೇಲೂ ಇಂಥ ಚುಕ್ಕಿಗಳ ಜಾಲವನ್ನು ಹೇಳದೆ ಕೇಳದೆ ಮುದ್ರಿಸುತ್ತವೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2005ರಲ್ಲಿ ಒಂದು ಬಗೆಯ ಪ್ರಿಂಟರ್‌ನ ಈ ಸಂಕೇತವನ್ನು ಬಿಡಿಸಿತು. ಅದರಲ್ಲಿ ಯಂತ್ರದ ಕ್ರಮಸಂಖ್ಯೆ, ಮುದ್ರಿಸಿದ ದಿನ ಮತ್ತು ಹೊತ್ತು ಅಡಗಿದ್ದವು. ನೀಲಿ ಬೆಳಕಿನಲ್ಲಿ ನೋಡಿದರೆ ಹಳದಿ ಚುಕ್ಕಿಗಳು ಕಪ್ಪಾಗಿ ಕಾಣುತ್ತವೆ. ಹಳದಿ ವರ್ಣದ್ರವ್ಯ ನೀಲಿಯನ್ನು ಹೀರುತ್ತದೆ ಎಂಬ ಪಾಠದ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಾಲ್ಕನೆಯದು, ನೋಡುವ ಕೋನ. ನೋಟಿನ ಸುಪ್ತ ಚಿತ್ರ ನೇರ ನೋಡಿದರೆ ಕಾಣದು. ನೋಟನ್ನು ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದಾಗ ಉಬ್ಬುಗೆರೆಗಳ ದಿಕ್ಕಿನ ವ್ಯತ್ಯಾಸದಿಂದ ಮೌಲ್ಯದ ಅಂಕಿ ಮೂಡುತ್ತದೆ. ಇದಕ್ಕೆ ದೀಪವೂ ಬೇಡ, ಲೆನ್ಸೂ ಬೇಡ.

ಗುರುತು ಯಾರಿಗಾಗಿ?

ಎಲ್ಲ ಗುರುತನ್ನೂ ಅಡಗಿಸಬೇಕೆಂದಿಲ್ಲ. ಮೈಸೂರಿನಲ್ಲೇ ತಯಾರಾಗುವ ಮತದಾರರ ಬೆರಳಿನ ಶಾಯಿಯನ್ನು ನೋಡಿ. 1962ರ ಚುನಾವಣೆಯಿಂದ ಬಳಕೆಯಲ್ಲಿರುವ ಈ ಶಾಯಿಯ ಬೆಳ್ಳಿ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಸೇರಿ ಬೆಳ್ಳಿ ಕ್ಲೋರೈಡ್ ಆಗುತ್ತದೆ, ಬೆಳಕಿಗೆ ಕಪ್ಪಾಗುತ್ತದೆ. ಆ ಗುರುತು ಮತಗಟ್ಟೆಯಲ್ಲಿ ಯಾರು ನೋಡಿದರೂ ಕಾಣಬೇಕು. ಅಡಗಿದರೆ ಅದರ ಉದ್ದೇಶವೇ ಹಾಳು.

ನೋಟಿನ ಗುರುತುಗಳಿಗೆ ಮೂರು ಬಗೆಯ ಓದುಗರಿದ್ದಾರೆ. ನೀರುಗುರುತು, ಓರೆಮಾಡಿದಾಗ ಹಸಿರಿನಿಂದ ನೀಲಿಗೆ ತಿರುಗುವ ಭದ್ರತಾ ಎಳೆ, ಕೈಗೆ ತಗಲುವ ಉಬ್ಬು ಮುದ್ರಣ, ಇವು ಸಂತೆಯಲ್ಲಿ ಸೊಪ್ಪು ಮಾರುವವರಿಗೂ ಬಸ್ ಕಂಡಕ್ಟರಿಗೂ. 100 ರೂಪಾಯಿ ನೋಟಿನ ಉಬ್ಬು ತ್ರಿಕೋನ ಮತ್ತು ಅಂಚಿನ ಓರೆಗೆರೆಗಳು ದೃಷ್ಟಿ ಇಲ್ಲದವರಿಗೆ. ಪ್ರತಿದೀಪ್ತಿ ಮತ್ತು ಸೂಕ್ಷ್ಮ ಅಕ್ಷರ, ದೀಪ ಲೆನ್ಸುಗಳಿರುವ ಬ್ಯಾಂಕ್ ಕ್ಯಾಷಿಯರಿಗೆ. ಇನ್ನುಳಿದ ಕೆಲವು, ಎಣಿಸುವ ಯಂತ್ರಕ್ಕೆ ಮತ್ತು ಪ್ರಯೋಗಾಲಯಕ್ಕೆ.

ಪ್ರಯೋಗಾಲಯಕ್ಕೆ ‘ಹೊಳೆಯಿತು’ ಎಂಬ ಮಾತು ಸಾಲದು. ಯಾವ ತರಂಗದೂರದಲ್ಲಿ, ದೀಪ ಆರಿಸಿದ ಮೇಲೆ ಎಷ್ಟು ಹೊತ್ತು ಎಂದು ಅಳೆಯಬೇಕು. ಸಾಮಾನ್ಯ ಹೊಳಪುಕಾರಕದ ಬೆಳಕು ದೀಪ ಆರಿದ ಕೆಲವು ನ್ಯಾನೊಸೆಕೆಂಡುಗಳಲ್ಲಿ ನಿಲ್ಲುತ್ತದೆ. ಯುರೋಪಿಯಂ ಧಾತುವಿನ ಸಂಯುಕ್ತಗಳ ಕೆಂಪು ಬೆಳಕು ಹಲವು ಪಟ್ಟು ಹೆಚ್ಚು ಹೊತ್ತು, ಮಿಲಿಸೆಕೆಂಡಿನ ಲೆಕ್ಕದಲ್ಲಿ ಉಳಿಯುತ್ತದೆ. ಅದರ ರೋಹಿತದಲ್ಲಿ 612 ನ್ಯಾನೊಮೀಟರಿನ ಸುತ್ತ ಕಿರಿದಾದ ಗೆರೆ ಕಾಣುತ್ತದೆ. ನಕಲು ಮಾಡುವವನು ಕೆಂಪಾಗಿ ಹೊಳೆಯುವ ಶಾಯಿ ತರಬಹುದು. ಆದರೆ ಅದೇ ಗೆರೆ, ಅಷ್ಟೇ ಹೊತ್ತು ಹೊಂದಿಸುವುದು ಬಹಳ ಕಷ್ಟ. ಗುರುತಿನ ಬಲ ಗುಟ್ಟಿನಲ್ಲಷ್ಟೇ ಇಲ್ಲ, ತಯಾರಿಸುವ ಕಷ್ಟದಲ್ಲಿಯೂ ಹಲವು ಗುರುತುಗಳು ಒಟ್ಟಿಗೆ ಇರಬೇಕಾದ ಕಟ್ಟಿನಲ್ಲಿಯೂ ಇದೆ.

ನನ್ನ ತಪ್ಪು ಎಲ್ಲಿತ್ತು?

ಮರುದಿನ ಆ ಹುಡುಗ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಿದ್ದ. “ಮಿಸ್, ಅಮ್ಮ ಶರ್ಟು ನೆನೆಸೋವಾಗ ನೋಟು ಜೇಬಲ್ಲೇ ಇತ್ತಂತೆ” ಎಂದ. ಮತ್ತೂ ಒಂದು ಮಾತು ಹೇಳಿದ. ಹಿಂದಿನ ಸಂಜೆ ಆ ದುಡ್ಡಿನಲ್ಲಿ ಅವನು ದಿನಸಿ ತರಬೇಕಿತ್ತು. ಅಂಗಡಿಯವರು ಪೊಲೀಸರಿಗೆ ಹಿಡಿದುಕೊಡುತ್ತಾರೆಂದು ಹೆದರಿ ಬರಿಗೈಯಲ್ಲಿ ಮನೆಗೆ ಹೋಗಿದ್ದ.

ಒಗೆಯುವ ಪುಡಿಯ ಹೊಳಪುಕಾರಕ ಹತ್ತಿಯ ನಾರಿಗೆ ಅಂಟಿಕೊಳ್ಳುವಂತೆಯೇ ಮಾಡಿದ ರಾಸಾಯನಿಕ. ನೋಟಿನ ಕಾಗದವೂ ಹತ್ತಿ. ಶರ್ಟಿಗೆ ಅಂಟಿದ್ದು ನೋಟಿಗೂ ಅಂಟಿತ್ತು.

‘ಕಾಗದ ಹೊಳೆಯುತ್ತದೆ’ ಎಂಬ ವೀಕ್ಷಣೆ ಹೇಳುವುದು ಒಂದನ್ನೇ: ಕಾಗದದಲ್ಲಿ ಪ್ರತಿದೀಪ್ತ ವಸ್ತು ಇದೆ. ಅದು ಕಾಗದದ ಕಾರ್ಖಾನೆಯಲ್ಲಿ ಸೇರಿತೇ, ಬಕೆಟ್ಟಿನಲ್ಲಿ ಸೇರಿತೇ ಎಂದು ಅದು ಹೇಳದು. ನಾನು ವೀಕ್ಷಣೆಯಿಂದ ಒಂದೇ ಹಾರಿಗೆ ತೀರ್ಪಿಗೆ ಹೋಗಿದ್ದೆ. ತಿರುಗಿಸಿ ನೋಡಿದರೂ ಅಷ್ಟೇ: ಕಾಗದ ಮಂಕಾಗಿದೆ ಎಂದಮಾತ್ರಕ್ಕೆ ನೋಟು ಅಸಲಿ ಆಗುವುದಿಲ್ಲ, ಹೊಳಪುಕಾರಕವಿಲ್ಲದ ಬೇರೆ ಕಾಗದಗಳೂ ಇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಗೊತ್ತಿರುವ ಗಾದೆಯನ್ನು ನಾನೇ ಮರೆತಿದ್ದೆ.

ಮರುಪಾಠ

ಮಾರ್ಗದರ್ಶಕರ ಒಪ್ಪಿಗೆ ಪಡೆದು ಅದೇ ತರಗತಿಗೆ ಇನ್ನೊಂದು ಅವಧಿ ತೆಗೆದುಕೊಂಡೆ. ನೋಟಿನಿಂದ ಶುರುಮಾಡಲಿಲ್ಲ. ಒಗೆಯದ ಕೋರಾ ಹತ್ತಿ ಬಟ್ಟೆಯ ಮೂರು ತುಂಡು ತಂದಿದ್ದೆ. ಒಂದನ್ನು ಹಾಗೇ ಬಿಟ್ಟೆವು, ಒಂದನ್ನು ಬರೀ ನೀರಿನಲ್ಲಿ, ಇನ್ನೊಂದನ್ನು ಒಗೆಯುವ ಪುಡಿಯ ನೀರಿನಲ್ಲಿ ನೆನೆಸಿ, ಎರಡನ್ನೂ ಚೆನ್ನಾಗಿ ಜಾಲಿಸಿ ಒಣಗಿಸಿದೆವು. ಟಾರ್ಚ್ ಬಿಡುವ ಮೊದಲು ಪ್ರತಿ ಗುಂಪೂ ತನ್ನ ಊಹೆಯನ್ನು ಬರೆದಿಟ್ಟಿತು. ಮೊದಲೆರಡು ಮಂಕಾಗಿದ್ದವು, ಮೂರನೆಯದು ನೀಲಿಯಾಗಿ ಹೊಳೆಯಿತು. “ಹಾಗಾದ್ರೆ ಆ ನೋಟು…” ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ನಾನು ಸುಮ್ಮನಿದ್ದೆ.

ಪ್ರತಿಫಲನವೋ ಪ್ರತಿದೀಪ್ತಿಯೋ ಎಂಬ ಪ್ರಶ್ನೆಗೆ, ಅರಿಸಿನ ಕದಡಿದ ಸ್ಪಿರಿಟ್‌ನ ಮೇಲೆ ಟಾರ್ಚ್ ಬಿಟ್ಟೆವು. ಹಳದಿಹಸಿರು ಬೆಳಕು ಬಂತು. ಟಾರ್ಚ್‌ಗೆ ಅಡ್ಡವಾಗಿ ಪ್ರಯೋಗಾಲಯದ ಪಾಲಿಕಾರ್ಬೊನೇಟ್ ಸುರಕ್ಷತಾ ಕನ್ನಡಕ ಹಿಡಿದಾಗ ಆ ಬೆಳಕು ಬಹುಪಾಲು ಅಡಗಿತು. ಕನ್ನಡಕದ ಮೂಲಕ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು, ಆದರೂ ಹೊಳಪು ಇಲ್ಲ. ಕಾಣದ ಯಾವುದನ್ನೋ ಕನ್ನಡಕ ತಡೆಯುತ್ತಿದೆ ಎಂದು ಮಕ್ಕಳೇ ಹೇಳಿದರು.

ಕೊನೆಗೆ, ಹುಡುಗನನ್ನು ಮೊದಲೇ ಕೇಳಿ, ಅವನು ಒಪ್ಪಿದ ಮೇಲೆ, ಅವನ ನೋಟನ್ನೂ ನನ್ನ ನೋಟನ್ನೂ ಪಕ್ಕಪಕ್ಕ ಇಟ್ಟೆವು. ಟಾರ್ಚ್ ಹಿಡಿದವನು ಅವನೇ. ಕಪ್ಪುಹಲಗೆಯ ಮೇಲೆ ಆರು ಪ್ರಶ್ನೆ ಬರೆದೆವು: ಬೆಳಕಿಗೆ ಹಿಡಿದರೆ ನೀರುಗುರುತು ಇದೆಯೇ? ಎಳೆ ಬಣ್ಣ ಬದಲಿಸುತ್ತದೆಯೇ? ಉಬ್ಬು ಮುದ್ರಣ ಬೆರಳಿಗೆ ತಗಲುತ್ತದೆಯೇ? ಸುಪ್ತ ಚಿತ್ರ? ಭೂತಗನ್ನಡಿಯಲ್ಲಿ ಸೂಕ್ಷ್ಮ ಅಕ್ಷರ? ಅಂಕಿಗಳ ಪ್ರತಿದೀಪ್ತಿ? ಅವನ ನೋಟಿನಲ್ಲಿ ಆರಕ್ಕೂ ‘ಹೌದು’ ಬಂತು. ಉಬ್ಬು ಮಾತ್ರ ತುಸು ಸವೆದಿತ್ತು. ಏಳನೆಯ ಸಾಲಿನಲ್ಲಿ ಒಬ್ಬ ಹುಡುಗಿ ಬರೆದಳು: ‘ಕಾಗದ ಹೊಳೆಯುತ್ತದೆ. ಕಾರಣ: ಸೋಪಿನ ಪುಡಿ ಇರಬಹುದು.’ ಆ ‘ಇರಬಹುದು’ ನಾನು ಹೇಳಿಕೊಟ್ಟದ್ದಲ್ಲ.

ಅವಧಿ ಮುಗಿಯುವ ಮೊದಲು ಮಕ್ಕಳ ಮುಂದೆಯೇ ಹೇಳಿದೆ: “ಮೊನ್ನೆ ನಾನು ಹೇಳಿದ್ದು ತಪ್ಪು. ಒಂದೇ ಪರೀಕ್ಷೆ ನೋಡಿ ತೀರ್ಮಾನ ಮಾಡಿದ್ದು ನಾನು, ನೀವಲ್ಲ.” ಹುಡುಗ ನೋಟನ್ನು ಮಡಚಿ ಜೇಬಿಗೆ ಹಾಕಿಕೊಂಡ. “ಇವತ್ತು ಅಕ್ಕಿ ತಗೊಂಡು ಹೋಗ್ತೀನಿ ಮಿಸ್” ಎಂದ.

ಈ ಪಾಠ ಮಾಡುವವರಿಗೆ

1. ಟಾರ್ಚ್ ಕೊಳ್ಳುವಾಗ 365 ನ್ಯಾನೊಮೀಟರಿನದನ್ನೇ ಕೇಳಿ. 395ರ ಟಾರ್ಚ್ ಅಗ್ಗ, ಆದರೆ ಅದರ ಕಣ್ಣಿಗೆ ಕಾಣುವ ನೇರಳೆ ಬೆಳಕು ಎಲ್ಲದರ ಮೇಲೂ ಬಿದ್ದು ಪ್ರತಿಫಲನ, ಪ್ರತಿದೀಪ್ತಿಗಳನ್ನು ಬೆರೆಸಿಬಿಡುತ್ತದೆ.

2. ಟಾರ್ಚನ್ನು ಯಾರ ಕಣ್ಣಿಗೂ ಬಿಡಬಾರದು. ಮೇಜಿನ ಕಡೆಗೆ ಕೆಳಮುಖವಾಗಿಯೇ ಹಿಡಿಯಬೇಕು. ಸುರಕ್ಷತಾ ಕನ್ನಡಕ ಇದ್ದರೆ ಹಾಕಿಸಿ. ಸ್ಪಿರಿಟ್ ಬಳಸುವಾಗ ಹತ್ತಿರ ಉರಿ ಇರಬಾರದು.

3. ಪ್ರಾತ್ಯಕ್ಷಿಕೆಗೆ ನಿಮ್ಮದೇ ನೋಟು ಬಳಸಿ. ಮಕ್ಕಳ ನೋಟನ್ನು ಎಲ್ಲರೆದುರು ಪರೀಕ್ಷಿಸಬೇಡಿ. ಪ್ರಯೋಗಕ್ಕೆಂದು ನೋಟನ್ನು ನೆನೆಸುವುದೂ ಬೇಡ, ಕೋರಾ ಬಟ್ಟೆ ಸಾಕು.

4. ಯಾವುದಾದರೂ ನೋಟಿನ ಬಗ್ಗೆ ನಿಜಕ್ಕೂ ಅನುಮಾನ ಬಂದರೆ ಅದನ್ನು ತೀರ್ಮಾನಿಸಬೇಕಾದದ್ದು ಬ್ಯಾಂಕು. ತರಗತಿಯಲ್ಲಿ ನಾವು ವೀಕ್ಷಣೆ ಬರೆಯೋಣ, ತೀರ್ಪು ಬರೆಯುವುದು ಬೇಡ.

5. ಮೌಲ್ಯಮಾಪನಕ್ಕೆ ‘ಪ್ರತಿದೀಪ್ತಿ ಎಂದರೇನು?’ ಎಂಬುದರ ಜೊತೆಗೆ ಇದನ್ನೂ ಕೇಳಿ: ‘ಈ ಕಾಗದ ಹೊಳೆಯಿತು. ಇದಕ್ಕೆ ಇರಬಹುದಾದ ಎರಡು ಕಾರಣ ಬರೆ. ಯಾವುದು ಸರಿ ಎಂದು ತಿಳಿಯಲು ಮುಂದೆ ಯಾವ ಪರೀಕ್ಷೆ ಮಾಡುವೆ?’

ನನ್ನ ಪಾಠಯೋಜನೆಯ ಮರುಪ್ರತಿಯಲ್ಲಿ ‘ಅಸಲಿ ನೋಟು ಹೊಳೆಯುವುದಿಲ್ಲ’ ಎಂಬ ಸಾಲನ್ನು ಹೊಡೆದುಹಾಕಿ, ಈ ಐದನೆಯ ಪ್ರಶ್ನೆಯನ್ನು ಅಲ್ಲಿ ಬರೆದಿದ್ದೇನೆ.